ಉದ್ಯೋಗಾರ್ಥಿಗಳು ಅರಿತಿರಬೇಕಾದ ಕೆಲವು ಸಂಗತಿಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಕಾಯುವ ವಾಡಿಕೆಯುಂಟು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಾಯಿಯ ವಿಷಯದಲ್ಲಿ ಕಾಯುವುದೇ ಲಾಭ. ವಿದ್ಯಾಭ್ಯಾಸ ಮುಗಿಸಿದ ತರುಣ ತರುಣಿಯರಿಗೆ ಈ ನ್ಯಾಯ ಸಲ್ಲದು. ಸರ್ಕಾರಿ ಪ್ರಕಟಣೆಗಾಗಿ ಕಾದು ಕುಳಿತ ವರ್ಷಗಳಲ್ಲಿ ವಯೋಮಿತಿ ಮೀರುತ್ತದೆ, ಕಲಿತದ್ದು ಮಾಸುತ್ತದೆ, ಮನೆಯವರ ಭರವಸೆಯೂ ಕುಗ್ಗುತ್ತದೆ. ಉದ್ಯೋಗವನ್ನು ಅರಸುವುದೂ ಒಂದು ಕಾಯಕವೆಂದೇ ಭಾವಿಸಿ, ಅದನ್ನು ಕ್ರಮವರಿತು ಮಾಡತಕ್ಕದ್ದು.

ಮೊದಲನೆಯ ಕ್ರಮವೆಂದರೆ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳುವುದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್ ಮತ್ತು ಜಾತಿ ಪ್ರಮಾಣಪತ್ರಗಳಲ್ಲಿ ಹೆಸರು, ತಂದೆಯ ಹೆಸರಿನ ಮೊದಲಕ್ಷರ, ಜನ್ಮದಿನಾಂಕ ಇವೆಲ್ಲವೂ ಒಂದೇ ರೀತಿ ಇರಬೇಕು. ವ್ಯತ್ಯಾಸವಿದ್ದಲ್ಲಿ ಅರ್ಜಿ ಕರೆಯುವ ಮುನ್ನವೇ ತಿದ್ದಿಸಿಕೊಳ್ಳುವುದು ಲೇಸು. ಹಿಂದುಳಿದ ವರ್ಗದವರ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ 5 ವರ್ಷಗಳ ಅವಧಿಯಷ್ಟೇ ಇರುವುದರಿಂದ, ಅದು ಮುಗಿಯುವ ಮೊದಲೇ ನಾಡಕಚೇರಿಯಲ್ಲಿ ಹೊಸದನ್ನು ಪಡೆಯಬೇಕು.

ಗ್ರಾಮಾಂತರ ಶಾಲೆಗಳಲ್ಲಿ ಓದಿದವರು ವಿಶೇಷವಾಗಿ ಗಮನಿಸಬೇಕಾದ ಎರಡು ಸೌಲಭ್ಯಗಳಿವೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 25ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರಷ್ಟು ಹುದ್ದೆಗಳು ಮೀಸಲು. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗವೇ ಆಧಾರ. ಮನೆ ಹಳ್ಳಿಯಲ್ಲಿದ್ದರೂ ತಿಪಟೂರು ನಗರದ ಶಾಲೆಯಲ್ಲಿ ಪ್ರೌಢಶಿಕ್ಷಣ ಪಡೆದವರಿಗೆ ಗ್ರಾಮೀಣ ಮೀಸಲಾತಿ ದೊರೆಯದು. ಇಲ್ಲಿ ಲೆಕ್ಕಕ್ಕೆ ಬರುವುದು ಶಾಲೆಯಿರುವ ಸ್ಥಳ. ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವೂ ಅವಶ್ಯ. ಸಾಮಾನ್ಯ ವರ್ಗದವರು ಇದರೊಡನೆ, ತಾವು ಮೇಲುಸ್ತರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ತಹಸೀಲ್ದಾರರಿಂದ ಪಡೆಯಬೇಕು. ಇವು ಅರ್ಜಿಯ ಕೊನೆಯ ದಿನಾಂಕದೊಳಗೆ ಕೈಯಲ್ಲಿರತಕ್ಕದ್ದು. ಪರೀಕ್ಷೆಯಲ್ಲಿ ಉತ್ತಮ ಅಂಕ ಗಳಿಸಿದರೂ, ಪತ್ರದ ದಿನಾಂಕ ತಡವಾದುದರಿಂದ ಮೀಸಲಾತಿ ಕೈತಪ್ಪುವುದುಂಟು. ಆದ್ದರಿಂದ ಶಾಲೆ ಬಿಡುವ ವರ್ಷದಲ್ಲಿಯೇ ವ್ಯಾಸಂಗ ಪತ್ರಗಳನ್ನು ಪಡೆದಿಡುವುದು ಜಾಣತನ.

ಎರಡನೆಯದು, ಹಣ ಕೊಟ್ಟು ಹುದ್ದೆ ಪಡೆಯುವ ಆಸೆಗೆ ಬಲಿಯಾಗದಿರುವುದು. ತೋಟವನ್ನು ಅಡವಿಟ್ಟಾದರೂ ಮಗನಿಗೆ ನೌಕರಿ ಕೊಡಿಸಬೇಕೆಂಬ ತಂದೆಯ ಹಂಬಲವನ್ನೇ ಮಧ್ಯವರ್ತಿಗಳು ಬಂಡವಾಳ ಮಾಡಿಕೊಳ್ಳುತ್ತಾರೆ. 2021ರ ಅಕ್ಟೋಬರಿನಲ್ಲಿ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯ ಗತಿಯನ್ನು ನೆನೆದರೆ ಸಾಕು. ಅಕ್ರಮ ಬಯಲಾಗಿ 2022ರಲ್ಲಿ ನೇಮಕಾತಿ ರದ್ದಾಯಿತು, ಅಭ್ಯರ್ಥಿಗಳನೇಕರು ಬಂಧನಕ್ಕೊಳಗಾದರು, ಪ್ರಾಮಾಣಿಕವಾಗಿ ಬರೆದವರೂ ಮರುಪರೀಕ್ಷೆಗಾಗಿ 2024ರ ಜನವರಿಯವರೆಗೆ ಕಾಯಬೇಕಾಯಿತು. ಒಬ್ಬನ ದುರಾಸೆ ನೂರಾರು ಜನರ ವರ್ಷಗಳನ್ನು ನುಂಗಿತು.

ಮೂರನೆಯದು, ಒಂದೇ ದಾರಿಯನ್ನು ನೆಚ್ಚಿ ಕೂರದಿರುವುದು. ಅದಿರಿನ ಗಣಿಗಳನ್ನು ನಂಬಿ ಜೀವನ ಕಟ್ಟಿಕೊಂಡಿದ್ದ ಚಿಕ್ಕನಾಯಕನಹಳ್ಳಿ ಭಾಗದವರು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಒಮ್ಮೆಗೇ ದಿಕ್ಕುಗಾಣದಾದರು. ಪರೀಕ್ಷೆಗೆ ಓದುತ್ತಿರುವಾಗಲೇ ಕೈಗೊಂದು ವಿದ್ಯೆ ಇರಬೇಕು. ಐ.ಟಿ.ಐ. ಮುಗಿಸಿದವರು 1961ರ ಅಪ್ರೆಂಟಿಸ್ ಕಾಯಿದೆಯನ್ವಯ ಕಾರ್ಖಾನೆಗಳಲ್ಲಿ ಭತ್ಯೆಸಹಿತ ತರಬೇತಿ ಪಡೆಯಬಹುದು. ನೆರೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಗಿರುವುದನ್ನೂ, ತುಮಕೂರಿನ ಸಮೀಪದ ವಸಂತನರಸಾಪುರದ ಕೈಗಾರಿಕಾ ಪ್ರದೇಶವನ್ನೂ ಗಮನದಲ್ಲಿಡಬೇಕು. ಸ್ವಂತ ಉದ್ಯೋಗ ಬಯಸುವವರಿಗೆ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ತರಬೇತಿ ಕೇಂದ್ರಗಳಿವೆ. ಅಲ್ಲಿ ಶಿಕ್ಷಣ, ಊಟ, ವಸತಿ ಉಚಿತ.

ಕಾಲಬುಡದಲ್ಲಿರುವ ತೆಂಗನ್ನೂ ಮರೆಯಬಾರದು. ಕೊಬ್ಬರಿ ವ್ಯಾಪಾರ, ತೆಂಗಿನ ತುರಿಯ ಪುಡಿ, ನಾರು, ಚಿಪ್ಪಿನ ಇದ್ದಿಲು ಇವೆಲ್ಲಕ್ಕೂ ಲೆಕ್ಕ ಬಲ್ಲವರು, ಯಂತ್ರ ಬಲ್ಲವರು ಬೇಕು. ಕಾಯಿ ಕೀಳುವವರು ದೊರೆಯದೆ ರೈತರು ಪರದಾಡುತ್ತಿರುವುದು ಎಲ್ಲರಿಗೂ ತಿಳಿದ ಮಾತು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ, ಯಂತ್ರದ ನೆರವಿನಿಂದ ಮರ ಹತ್ತುವ ತರಬೇತಿಯನ್ನು ನಿರುದ್ಯೋಗಿ ಯುವಕರಿಗಾಗಿಯೇ ಆರಂಭಿಸಿತು. ಬೆಳೆಯ ಕುರಿತ ತಿಳಿವಳಿಕೆಗೆ ತಿಪಟೂರಿನ ಕೊನೇಹಳ್ಳಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ.

ಓದಿದವನು ಮರ ಹತ್ತುವುದೇ, ನಾರು ಹೊಸೆಯುವುದೇ ಎಂದು ಕೆಲವರು ಹಿಂಜರಿಯಬಹುದು. ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದ ಶರಣರು. ಅವರ ಹೆಸರಿನೊಡನೆ ಇಂದಿಗೂ ಉಳಿದಿರುವುದು ಆ ಕಾಯಕವೇ. ಸರ್ಕಾರಿ ಹುದ್ದೆಗೆ ಪ್ರಯತ್ನಿಸುವುದರಲ್ಲಿ ದೋಷವೇನೂ ಇಲ್ಲ. ಅದು ದೊರೆಯುವವರೆಗೆ ದುಡಿಯದೆ ಇರುವುದರಲ್ಲಿ ಮಾತ್ರ ನಷ್ಟವಿದೆ. ಪತ್ರಗಳು ಸಿದ್ಧವಾಗಿರಲಿ, ಕೈ ಶುದ್ಧವಾಗಿರಲಿ, ದುಡಿಮೆ ನಿಲ್ಲದಿರಲಿ. ಈ ಮೂರನ್ನು ಪಾಲಿಸಿದ ವಿದ್ಯಾರ್ಥಿಯು ತನಗೂ ಮನೆಗೂ ಕಲಿಸಿದ ಶಾಲೆಗೂ ಕೀರ್ತಿ ತರಬಲ್ಲನು.