ಇಂಗ್ಲಿಷ್ ಜನರು

ಇಂಗ್ಲಿಷ್ ಜನರು ಅಥವಾ ಆಂಗ್ಲರು ಗ್ರೇಟ್ ಬ್ರಿಟನ್ ದ್ವೀಪದ ಮಧ್ಯ ಮತ್ತು ದಕ್ಷಿಣ ಭಾಗಗಳನ್ನು ವ್ಯಾಪಿಸಿರುವ ಇಂಗ್ಲೆಂಡ್ ದೇಶಕ್ಕೆ ಸೇರಿದ ಜನಸಮುದಾಯ. ಇವರ ಭಾಷೆಯಾದ ಇಂಗ್ಲಿಷ್, ಇಂಡೋ-ಯುರೋಪಿಯನ್ ಭಾಷಾ ಕುಟುಂಬದ ಪಶ್ಚಿಮ ಜರ್ಮ್ಯಾನಿಕ್ ಶಾಖೆಗೆ ಸೇರಿದೆ. 2021ರ ಜನಗಣತಿಯಂತೆ ಇಂಗ್ಲೆಂಡಿನ ಜನಸಂಖ್ಯೆ ಸುಮಾರು 5.65 ಕೋಟಿ. ಇಂಗ್ಲಿಷ್ ಮೂಲದ ಜನರು ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿಯೂ ದೊಡ್ಡ ಸಂಖ್ಯೆಯಲ್ಲಿದ್ದಾರೆ.

'ಇಂಗ್ಲಿಷ್' ಮತ್ತು 'ಬ್ರಿಟಿಷ್'

ಕನ್ನಡದಲ್ಲಿ ಆಂಗ್ಲರು, ಇಂಗ್ಲಿಷರು, ಬ್ರಿಟಿಷರು ಎಂಬ ಪದಗಳನ್ನು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸಲಾಗುತ್ತದೆ. ಆದರೆ ಇವು ಸಮಾನಾರ್ಥಕಗಳಲ್ಲ. ಯುನೈಟೆಡ್ ಕಿಂಗ್‌ಡಮ್ ಎಂಬ ರಾಜ್ಯದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್ ಎಂಬ ನಾಲ್ಕು ಭಾಗಗಳಿವೆ. ಬ್ರಿಟಿಷ್ ಎಂಬುದು ಒಟ್ಟು ರಾಜ್ಯದ ಪೌರತ್ವವನ್ನು ಸೂಚಿಸಿದರೆ, ಇಂಗ್ಲಿಷ್ ಎಂಬುದು ಅದರೊಳಗಿನ ಒಂದು ಜನಸಮುದಾಯವನ್ನು ಸೂಚಿಸುತ್ತದೆ. ಆದುದರಿಂದ ಇಂಗ್ಲಿಷ್ ವ್ಯಕ್ತಿಯನ್ನು ಬ್ರಿಟಿಷ್ ಎನ್ನಬಹುದು. ಸ್ಕಾಟ್ಲೆಂಡಿನವರನ್ನು ಇಂಗ್ಲಿಷರೆಂದು ಕರೆಯುವುದು ತಪ್ಪಾಗುತ್ತದೆ.

ಹೆಸರಿನ ಮೂಲ

ಇಂದಿನ ಜರ್ಮನಿಯ ಉತ್ತರ ತುದಿಯಲ್ಲಿರುವ ಆಂಗೆಲ್ನ್ ಪ್ರದೇಶದಿಂದ ಬಂದ 'ಆಂಗಲ್' ಎಂಬ ಬುಡಕಟ್ಟಿನಿಂದ ಇಂಗ್ಲಿಷ್ ಎಂಬ ಹೆಸರು ಹುಟ್ಟಿತು. ಇಂಗ್ಲೆಂಡ್ ಎಂದರೆ ಆಂಗಲ್‌ಗಳ ನಾಡು. ನೆರೆಯ ವೆಲ್ಷ್ ಜನರು ಮಾತ್ರ ಇವರನ್ನು ಇನ್ನೊಂದು ಬುಡಕಟ್ಟಾದ ಸ್ಯಾಕ್ಸನ್ನರ ಹೆಸರಿನಿಂದ 'ಸೈಸನ್' ಎಂದು ಕರೆಯುತ್ತಾರೆ. ಇಂಗ್ಲಿಷರು ನೆರೆಯವರಿಗೆ ಕೊಟ್ಟ 'ವೆಲ್ಷ್' ಎಂಬ ಹೆಸರಿನ ಮೂಲಾರ್ಥ 'ಪರಕೀಯ'. ಹೊರಗಿನಿಂದ ಬಂದವರೇ ಮೂಲನಿವಾಸಿಗಳನ್ನು ಹೀಗೆ ಕರೆದರು.

ಇತಿಹಾಸ

ಆರಂಭ

ಕ್ರಿ.ಶ. 43ರಿಂದ 5ನೇ ಶತಮಾನದ ಆರಂಭದವರೆಗೆ ಇಂದಿನ ಇಂಗ್ಲೆಂಡಿನ ಬಹುಭಾಗ ರೋಮನ್ ಆಳ್ವಿಕೆಯಲ್ಲಿತ್ತು. ಅಲ್ಲಿದ್ದವರು ಕೆಲ್ಟಿಕ್ ಭಾಷೆಯನ್ನಾಡುವ ಬ್ರಿಟನ್ನರು. ರೋಮನ್ನರು ಹಿಂದೆ ಸರಿದ ಬಳಿಕ ಆಂಗಲ್, ಸ್ಯಾಕ್ಸನ್ ಮತ್ತು ಜೂಟ್ ಬುಡಕಟ್ಟುಗಳು ಉತ್ತರ ಸಮುದ್ರವನ್ನು ದಾಟಿ ಬಂದು ನೆಲೆಸಿದವು. ಇವರು ಬ್ರಿಟನ್ನರನ್ನು ಪೂರ್ಣವಾಗಿ ಹೊರದೂಡಿದರೇ, ಇಲ್ಲವೇ ಅವರೊಡನೆ ಬೆರೆತರೇ ಎಂಬುದು ದೀರ್ಘಕಾಲದ ಚರ್ಚೆ. 2022ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನವೊಂದು ಆ ಕಾಲದ ಪೂರ್ವ ಮತ್ತು ದಕ್ಷಿಣ ಇಂಗ್ಲೆಂಡಿನ ಜನರ ವಂಶಮೂಲದಲ್ಲಿ ಶೇ. 76ರವರೆಗಿನ ಪಾಲು ಯುರೋಪ್ ಭೂಖಂಡದ ಉತ್ತರ ಸಮುದ್ರ ತೀರದ್ದೆಂದು ತೋರಿಸಿತು. ಅದೇ ಸಮಾಧಿಭೂಮಿಗಳಲ್ಲಿ ಸ್ಥಳೀಯ ಹಾಗೂ ಮಿಶ್ರ ಮೂಲದವರ ಅಸ್ಥಿಗಳೂ ದೊರೆತಿವೆ. ಆದ್ದರಿಂದ ವಲಸೆಯೂ ಬೆರಕೆಯೂ ಒಟ್ಟಿಗೆ ನಡೆದವೆಂದು ತಿಳಿಯಲಾಗಿದೆ.

597ರಲ್ಲಿ ರೋಮ್‌ನಿಂದ ಬಂದ ಅಗಸ್ಟೀನನು ಕೆಂಟ್ ರಾಜ್ಯದಲ್ಲಿ ಕ್ರೈಸ್ತ ಧರ್ಮವನ್ನು ಪ್ರಚಾರ ಮಾಡಿದನು. ನಾರ್ಥಂಬ್ರಿಯಾದ ಸನ್ಯಾಸಿ ಬೀಡ್ 731ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಇಂಗ್ಲಿಷ್ ಜನರ ಧಾರ್ಮಿಕ ಇತಿಹಾಸವನ್ನು ಬರೆದು ಮುಗಿಸಿದನು. ಆಗ ಇಂಗ್ಲೆಂಡ್ ಎಂಬ ಏಕ ರಾಜ್ಯವಿರಲಿಲ್ಲ. ಹಲವು ಸಣ್ಣ ರಾಜ್ಯಗಳು ಪರಸ್ಪರ ಹೋರಾಡುತ್ತಿದ್ದವು. ಆದರೂ ಬೀಡ್ ಇವರೆಲ್ಲರನ್ನೂ ಒಂದೇ ಜನವೆಂದು ಪರಿಗಣಿಸಿದನು. ರಾಜ್ಯಕ್ಕಿಂತ ಮೊದಲೇ ಜನದ ಕಲ್ಪನೆ ಮೂಡಿತ್ತು ಎಂಬುದಕ್ಕೆ ಇತಿಹಾಸಕಾರರು ಈ ಕೃತಿಯನ್ನು ಆಧಾರವಾಗಿ ಕೊಡುತ್ತಾರೆ.

ವೈಕಿಂಗರು ಮತ್ತು ಏಕೀಕರಣ

793ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ವೈಕಿಂಗರ ದಾಳಿ ನಡೆಯಿತು. 9ನೇ ಶತಮಾನದಲ್ಲಿ ಡೇನರು ಉತ್ತರ ಮತ್ತು ಪೂರ್ವ ಭಾಗಗಳನ್ನು ಗೆದ್ದು ನೆಲೆಸಿದರು. ವೆಸೆಕ್ಸ್‌ನ ದೊರೆ ಆಲ್ಫ್ರೆಡ್ 878ರಲ್ಲಿ ಎಡಿಂಗ್ಟನ್ ಕದನದಲ್ಲಿ ಅವರನ್ನು ತಡೆದನು. ಲ್ಯಾಟಿನ್ ಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸುವ ಕಾರ್ಯಕ್ಕೆ ಆಶ್ರಯವನ್ನೂ ಕೊಟ್ಟನು. ಅವನ ಮೊಮ್ಮಗ ಎಥೆಲ್‌ಸ್ಟಾನ್ 927ರಲ್ಲಿ ನಾರ್ಥಂಬ್ರಿಯಾವನ್ನು ವಶಪಡಿಸಿಕೊಂಡು ಇಡೀ ಇಂಗ್ಲಿಷ್ ಜನರ ಮೊದಲ ದೊರೆಯಾದನು. ಡರ್ಬಿ, ವಿಟ್ಬಿ ಮುಂತಾದ ಊರುಗಳ ಹೆಸರಿನ ಕೊನೆಯ 'ಬಿ' ಡೇನರ ಭಾಷೆಯದು. 'ಅವರು' ಎಂಬರ್ಥದ 'ದೇ' ಎಂಬ ಸರ್ವನಾಮವೂ ಅವರಿಂದಲೇ ಬಂದುದು.

ನಾರ್ಮನ್ ವಿಜಯ

1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಕದನದಲ್ಲಿ ನಾರ್ಮಂಡಿಯ ವಿಲಿಯಂ ಗೆದ್ದನು. 1086ರ ಡೂಮ್ಸ್‌ಡೇ ಭೂದಾಖಲೆಯ ವೇಳೆಗೆ ದೊಡ್ಡ ಭೂಮಾಲೀಕರಲ್ಲಿ ಬಹುತೇಕರು ಫ್ರೆಂಚ್ ಮಾತಾಡುವ ಹೊಸಬರಾಗಿದ್ದರು. ಮುಂದಿನ ಸುಮಾರು ಮೂರು ಶತಮಾನಗಳ ಕಾಲ ಇಂಗ್ಲಿಷ್ ಆಳಿಸಿಕೊಂಡವರ ಭಾಷೆಯಾಗಿ ಉಳಿಯಿತು. ಈ ವಿಭಜನೆಯ ಗುರುತು ಇಂದಿನ ಇಂಗ್ಲಿಷ್ ಪದಕೋಶದಲ್ಲಿದೆ: ಕೊಟ್ಟಿಗೆಯಲ್ಲಿರುವ ದನ 'ಕೌ', ಕುರಿ 'ಶೀಪ್' ಎಂಬ ಹಳೆಯ ಇಂಗ್ಲಿಷ್ ಹೆಸರುಗಳನ್ನು ಉಳಿಸಿಕೊಂಡರೆ, ಅವುಗಳ ಮಾಂಸ 'ಬೀಫ್', 'ಮಟನ್' ಎಂಬ ಫ್ರೆಂಚ್ ಮೂಲದ ಹೆಸರುಗಳನ್ನು ಪಡೆಯಿತು. ಇಂದು ಕನ್ನಡದಲ್ಲಿಯೂ ಬಳಕೆಯಲ್ಲಿರುವ ಕೋರ್ಟು, ಜಡ್ಜ್, ಅಪೀಲು ಎಂಬ ಪದಗಳು ಇಂಗ್ಲಿಷಿಗೆ ಫ್ರೆಂಚ್‌ನಿಂದ ಬಂದವು. 1362ರ ಶಾಸನವು ನ್ಯಾಯಾಲಯಗಳಲ್ಲಿ ಇಂಗ್ಲಿಷಿನಲ್ಲಿ ವಾದಿಸಬೇಕೆಂದು ವಿಧಿಸಿತು. ಅದೇ ಶತಮಾನದ ಕೊನೆಯಲ್ಲಿ ಚಾಸರ್ ತನ್ನ ಕ್ಯಾಂಟರ್‌ಬರಿ ಕಥೆಗಳನ್ನು ಇಂಗ್ಲಿಷಿನಲ್ಲಿಯೇ ರಚಿಸಿದನು.

ಮತಸುಧಾರಣೆ ಮತ್ತು ಒಕ್ಕೂಟ

1534ರಲ್ಲಿ ದೊರೆ 8ನೇ ಹೆನ್ರಿ ಇಂಗ್ಲೆಂಡಿನ ಚರ್ಚನ್ನು ಪೋಪ್‌ನ ಅಧಿಕಾರದಿಂದ ಬೇರ್ಪಡಿಸಿದನು. ಇಂಗ್ಲಿಷಿನ ಪ್ರಾರ್ಥನಾ ಪುಸ್ತಕ (1549) ಮತ್ತು ದೊರೆ ಜೇಮ್ಸನ ಕಾಲದ ಬೈಬಲ್ ಅನುವಾದ (1611) ಸಾಮಾನ್ಯ ಜನರಿಗೆ ಒಂದು ಸಮಾನ ಭಾಷೆಯನ್ನು ಒದಗಿಸಿದವು. 1707ರಲ್ಲಿ ಸ್ಕಾಟ್ಲೆಂಡಿನೊಡನೆ ಒಕ್ಕೂಟವಾದಾಗ ಇಂಗ್ಲೆಂಡಿನ ಪ್ರತ್ಯೇಕ ಸಂಸತ್ತು ಕೊನೆಗೊಂಡು ಗ್ರೇಟ್ ಬ್ರಿಟನ್ನಿನ ಸಂಸತ್ತು ಅಸ್ತಿತ್ವಕ್ಕೆ ಬಂದಿತು.

ಸಂಸ್ಕೃತಿ

ಷೇಕ್ಸ್‌ಪಿಯರ್‌ನ ನಾಟಕಗಳು, 1215ರ ಮ್ಯಾಗ್ನಾ ಕಾರ್ಟಾ ಸನ್ನದು ಮತ್ತು ನ್ಯಾಯಾಲಯಗಳ ತೀರ್ಪುಗಳಿಂದ ಬೆಳೆದ ಕಾಮನ್ ಲಾ ಪದ್ಧತಿ ಇಂಗ್ಲಿಷರ ಪ್ರಮುಖ ಕೊಡುಗೆಗಳು. ಭಾರತದ ನ್ಯಾಯವ್ಯವಸ್ಥೆಯೂ ಕಾಮನ್ ಲಾ ಪರಂಪರೆಗೆ ಸೇರಿದೆ. ಕ್ರಿಕೆಟ್ ಇಂಗ್ಲೆಂಡಿನಲ್ಲಿ ಹುಟ್ಟಿದ ಆಟ. ಫುಟ್‌ಬಾಲ್‌ನ ನಿಯಮಗಳು 1863ರಲ್ಲಿ ಲಂಡನ್ನಿನಲ್ಲಿ ಕ್ರೋಡೀಕರಣಗೊಂಡವು. ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆಯುಳ್ಳ ಸಂತ ಜಾರ್ಜ್‌ನ ಧ್ವಜ ಇಂಗ್ಲೆಂಡಿನದು. ಏಪ್ರಿಲ್ 23 ಸಂತ ಜಾರ್ಜ್‌ನ ದಿನವಾದರೂ ಅಂದು ಸಾರ್ವಜನಿಕ ರಜೆ ಇರುವುದಿಲ್ಲ. ಇಂಗ್ಲೆಂಡಿಗೆ ಅಧಿಕೃತವಾದ ಪ್ರತ್ಯೇಕ ನಾಡಗೀತೆಯೂ ಇಲ್ಲ.

ಇಂದಿನ ಗುರುತಿನ ಪ್ರಶ್ನೆ

ಇಂಗ್ಲಿಷರು ಒಕ್ಕೂಟದಲ್ಲಿ ಬಹುಸಂಖ್ಯಾತರಾದುದರಿಂದ ದೀರ್ಘಕಾಲ ಇಂಗ್ಲಿಷ್ ಮತ್ತು ಬ್ರಿಟಿಷ್ ಎಂಬ ಗುರುತುಗಳನ್ನು ಬೇರ್ಪಡಿಸಿ ನೋಡಲಿಲ್ಲ. 1966ರ ವಿಶ್ವಕಪ್ ಫುಟ್‌ಬಾಲ್ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡ್ ತಂಡದ ಬೆಂಬಲಿಗರು ಹೆಚ್ಚಾಗಿ ಹಿಡಿದದ್ದು ಒಕ್ಕೂಟದ ಯೂನಿಯನ್ ಧ್ವಜವನ್ನು. 1996ರ ಯುರೋಪಿಯನ್ ಪಂದ್ಯಾವಳಿಯ ವೇಳೆಗೆ ಸಂತ ಜಾರ್ಜ್‌ನ ಧ್ವಜ ಆ ಸ್ಥಾನವನ್ನು ಪಡೆದಿತ್ತು. 1999ರಲ್ಲಿ ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಪ್ರತ್ಯೇಕ ಶಾಸನಸಭೆಗಳು ಕಾರ್ಯಾರಂಭ ಮಾಡಿದವು. ಇಂಗ್ಲೆಂಡಿಗೆ ಅಂತಹ ಸಭೆ ಇಲ್ಲದಿರುವುದು ರಾಜಕೀಯ ಚರ್ಚೆಯ ವಿಷಯವಾಗಿದೆ.

ಇಂಗ್ಲಿಷ್ ಎಂಬುದು ವಂಶದ ಗುರುತೇ, ನೆಲದ ಗುರುತೇ ಎಂಬ ಪ್ರಶ್ನೆಗೂ ಒಮ್ಮತವಿಲ್ಲ. ಫ್ರಾನ್ಸಿನ ಹ್ಯೂಗನಾಟರು, ಐರಿಷರು, ಯಹೂದ್ಯರು, 1948ರ ಬಳಿಕ ಕೆರಿಬಿಯನ್ ಮತ್ತು ದಕ್ಷಿಣ ಏಷ್ಯಾದವರು ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ವಲಸಿಗರ ಮಕ್ಕಳಲ್ಲಿ ಅನೇಕರು ತಮ್ಮನ್ನು ಬ್ರಿಟಿಷರೆಂದು ಸುಲಭವಾಗಿ ಹೇಳಿಕೊಂಡರೂ ಇಂಗ್ಲಿಷರೆನ್ನಲು ಹಿಂಜರಿಯುವುದುಂಟು. ಇದಕ್ಕೆ ಪ್ರತಿಯಾಗಿ, ಕ್ರೀಡೆಯಲ್ಲಿ ಈ ಗಡಿ ಸಡಿಲಗೊಂಡಿದೆ: ಮದ್ರಾಸಿನಲ್ಲಿ ಜನಿಸಿದ ನಾಸಿರ್ ಹುಸೇನ್ 1999ರಿಂದ 2003ರವರೆಗೆ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕರಾಗಿದ್ದರು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಜನಗಣತಿಯಲ್ಲಿ 'ಇಂಗ್ಲಿಷ್' ಎಂದು ಮಾತ್ರ ಗುರುತಿಸಿಕೊಂಡವರು 2011ರಲ್ಲಿ ಶೇ. 57.7ರಷ್ಟಿದ್ದರು, 2021ರಲ್ಲಿ ಶೇ. 14.9ಕ್ಕೆ ಇಳಿದರು. 'ಬ್ರಿಟಿಷ್' ಎಂದು ಮಾತ್ರ ಬರೆದವರ ಪ್ರಮಾಣ ಶೇ. 19.1ರಿಂದ 54.8ಕ್ಕೆ ಏರಿತು. ಇಂಗ್ಲೆಂಡಿನ ಪ್ರಶ್ನಾವಳಿಯಲ್ಲಿ 'ಬ್ರಿಟಿಷ್' ಎಂಬ ಆಯ್ಕೆಯನ್ನು ಪಟ್ಟಿಯ ಮೊದಲಿಗೆ ತಂದುದೇ ಈ ಬದಲಾವಣೆಗೆ ಮುಖ್ಯ ಕಾರಣವಾಗಿರಬಹುದೆಂದು ಅಲ್ಲಿನ ಅಂಕಿಅಂಶ ಕಚೇರಿ ತಿಳಿಸಿದೆ. ಎರಡೂ ಗುರುತುಗಳನ್ನು ಒಟ್ಟಿಗೆ ಹೊತ್ತಿರುವವರು ಎಷ್ಟು ಮಂದಿ ಎಂಬುದನ್ನು ಈ ಅಂಕಿಗಳು ಪರೋಕ್ಷವಾಗಿ ಸೂಚಿಸುತ್ತವೆ.

ಕರ್ನಾಟಕದೊಂದಿಗಿನ ಸಂಬಂಧ

ಕರ್ನಾಟಕದ ಇತಿಹಾಸದಲ್ಲಿ 'ಇಂಗ್ಲಿಷ್ ಅಧಿಕಾರಿಗಳು' ಎಂದು ಪರಿಚಿತರಾದ ಹಲವರು ಇಂಗ್ಲೆಂಡಿನವರಲ್ಲ. ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ದ್ವೀಪದವರು. ಕೆನರಾದ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದವರು. ಮೈಸೂರು ಪ್ರಾಂತ್ಯದ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದ ಬಿ. ಎಲ್. ರೈಸ್ ಅವರು ಬೆಂಗಳೂರಿನಲ್ಲಿಯೇ ಜನಿಸಿದವರು. ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಸಂಕಲನವು ಇಂಗ್ಲಿಷ್ ಕಾವ್ಯವನ್ನು ಕನ್ನಡಕ್ಕೆ ತಂದು ಹೊಸಗನ್ನಡ ಕಾವ್ಯಕ್ಕೆ ನಾಂದಿಯಾಯಿತು.