ಪುಲಿಕಾಟ್: ಒಂದೇ ಅಳಿವೆ, ಎರಡು ರಾಜ್ಯ

ಸಿಗಡಿ ಹಿಡಿಯಲು ಬಲೆ ಬೇಕೇ ಬೇಕು ಎಂದುಕೊಂಡಿದ್ದೆ. ಮಾರ್ಚ್ ಕೊನೆಯ ಆ ಬೆಳಗ್ಗೆ ಪಳವೇರ್ಕಾಡಿನ ದಂಡೆಯಲ್ಲಿ ನಿಂತಾಗ ಎದುರಿಗೆ ಏಳೆಂಟು ಹೆಂಗಸರು ಬಲೆಯಿಲ್ಲದೆ ನೀರಿಗಿಳಿದಿದ್ದರು. ಮಂಡಿಯೂರಿ ಸರಿಯುತ್ತಿದ್ದ ಅವರಿಗೆ ಗದ್ದದವರೆಗೆ ನೀರು. ಎರಡೂ ಕೈ ತಳದ ಕೆಸರಿನಲ್ಲಿ. ತಾಳೆಗರಿಯ ಪುಟ್ಟ ಬುಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಬೆರಳಿಗೆ ಸಿಗಡಿ ಮಿಡುಕಿದ ಕೂಡಲೇ ಎತ್ತಿ ಬುಟ್ಟಿಗೆ ಹಾಕುವುದು, ಮತ್ತೆ ತಡಕುವುದು. ಬಾಯಲ್ಲಿ ಬುಟ್ಟಿ ಇರುವುದರಿಂದ ಯಾರೂ ಮಾತಾಡುವಂತಿಲ್ಲ. ನೀರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಇವರು ಇರುಳರು. ರಾಮನಗರದ ಬೆಟ್ಟಗಳ ಕಡೆ ಇರುಳಿಗರ ಹಾಡಿಗಳನ್ನು ಕಂಡಿದ್ದ ನನಗೆ, ಅದೇ ಹೆಸರಿನ ಜನ ಇಲ್ಲಿ ಉಪ್ಪುನೀರಿನಲ್ಲಿ ಬದುಕು ಹುಡುಕುತ್ತಿರುವುದು ಹೊಸದು. ದಡಕ್ಕೆ ಬಂದ ಒಬ್ಬ ಅಜ್ಜಿ ಅಂಗೈ ತೋರಿಸಿದರು. ಚಿಪ್ಪು ಕೊಯ್ದ ಗೀರುಗಳು ಒಂದರ ಮೇಲೊಂದು. ಮಗಳು ಈ ಕೆಲಸಕ್ಕೆ ಬರುವುದಿಲ್ಲ, ಬರುವುದೂ ಬೇಡ ಎಂದರು. ಬುಟ್ಟಿ ಹೆಣೆಯುವವರೂ ಕಡಿಮೆಯಾಗಿದ್ದಾರಂತೆ. ಅವರ ಬುಟ್ಟಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಅಂಚಿನಲ್ಲಿ ಹಲ್ಲು ಕೂರುವ ಜಾಗ ಸವೆದು ನುಣುಪಾಗಿತ್ತು.

ಪುಲಿಕಾಟ್ ನಮ್ಮ ದೇಶದ ಎರಡನೇ ದೊಡ್ಡ ಉಪ್ಪುನೀರ ಸರೋವರ. ಮೊದಲನೆಯದು ಒಡಿಶಾದ ಚಿಲಿಕಾ. ಉದ್ದ ಸುಮಾರು 60 ಕಿ.ಮೀ. ಆದರೂ ಹೆಚ್ಚಿನ ಕಡೆ ಆಳ ಆಳುದ್ದವೂ ಇಲ್ಲ. ಸಮುದ್ರಕ್ಕೂ ಇದಕ್ಕೂ ನಡುವೆ ಅಡ್ಡವಾಗಿ ಮಲಗಿರುವ ಮರಳಿನ ದ್ವೀಪವೇ ಶ್ರೀಹರಿಕೋಟಾ. ಸರೋವರದ ಸಿಂಹಪಾಲು ಆಂಧ್ರದ್ದು, ದಕ್ಷಿಣದ ತುದಿ ತಮಿಳುನಾಡಿನದು. ತಮಿಳರಿಗೆ ಇದು ಪಳವೇರ್ಕಾಡು, ತೆಲುಗಿನಲ್ಲಿ ಪ್ರಳಯಕಾವೇರಿ. ಆ ಎರಡನೇ ಹೆಸರು ಕೇಳಿದಾಗ ಕನ್ನಡದ ಕಿವಿ ಒಂದು ಕ್ಷಣ ನಿಲ್ಲುತ್ತದೆ.

ಚರಿತ್ರೆಯೂ ಇದೆ. ವಿಜಯನಗರದ ಅರಸ ಎರಡನೇ ವೆಂಕಟಪತಿಯ ಅಪ್ಪಣೆ ಪಡೆದು ಡಚ್ಚರು ಇಲ್ಲಿ ನೆಲೆಯೂರಿದರು. 1613ರ ಹೊತ್ತಿಗೆ ಗೆಲ್ಡ್ರಿಯಾ ಕೋಟೆ ಎದ್ದಿತು. ಇಲ್ಲಿಂದ ಬಟ್ಟೆ ಹಡಗೇರಿತು. 1690ರಲ್ಲಿ ಅವರ ಮುಖ್ಯ ಠಾಣೆ ನಾಗಪಟ್ಟಣಕ್ಕೆ ಹೋಯಿತು. ಕೋಟೆ ಈಗ ಮುಳ್ಳುಕಂಟಿ. ಡಚ್ಚರ ಸ್ಮಶಾನದ ಬಾಗಿಲಲ್ಲಿ ಕೆತ್ತಿದ ಅಸ್ಥಿಪಂಜರಗಳನ್ನು ನೋಡಲು ಜನ ಬರುತ್ತಾರೆ.

ನನ್ನನ್ನು ದೋಣಿಯಲ್ಲಿ ಕರೆದೊಯ್ದ ಅಣ್ಣ ಮಾತುಗಾರರು. ಅವರ ತಮಿಳಿನಲ್ಲಿ ಅರ್ಧ ತೆಲುಗು, ನನ್ನ ತಮಿಳಿನಲ್ಲಿ ಅರ್ಧ ಕನ್ನಡ. ಹೇಗೋ ಸಾಗಿತು. ‘ನಾವು ಇರಾಲ್ ಅನ್ನುತ್ತೇವೆ, ಅವರು ರೊಯ್ಯ ಅನ್ನುತ್ತಾರೆ ಸಾರ್. ಸಿಗಡಿಗೆ ಎರಡೂ ಗೊತ್ತಿಲ್ಲ’ ಎಂದರು. ಗಡಿ ಎಲ್ಲಿ ಎಂದು ಕೇಳಿದೆ. ಎಂಜಿನ್ ನಿಲ್ಲಿಸಿ ಕೈಯನ್ನು ಉತ್ತರದ ಕಡೆ ಬೀಸಿದರು. ಕಂಬವಿಲ್ಲ, ತೇಲುಬುರುಡೆಯೂ ಕಾಣಲಿಲ್ಲ. ಆ ಗೆರೆ ದಾಟಿದ್ದಕ್ಕೆ ಬಲೆ, ದೋಣಿ ಹಿಡಿದಿಟ್ಟುಕೊಂಡ ಜಗಳಗಳು ಎರಡೂ ಕಡೆ ಆಗಿವೆ. ಅಧಿಕಾರಿಗಳು ಬಂದು ಕೂರಿಸಿ ಮಾತಾಡಿಸಿ ಹೋಗುತ್ತಾರೆ. ಕೆಲವು ಕಾಲ ತಣ್ಣಗಿದ್ದು ಮತ್ತೆ ಶುರು.

ಇದರ ಮೂಲ ಅಳಿವೆಯಲ್ಲಿದೆ. ಸಿಗಡಿ ಮೊಟ್ಟೆಯಿಡುವುದು ಕಡಲಲ್ಲಿ. ಮರಿಗಳು ಉಬ್ಬರದ ಜತೆ ಅಳಿವೆಯಿಂದ ಒಳಬಂದು, ಸರೋವರದ ಹುಲ್ಲು ಕೆಸರಿನಲ್ಲಿ ಬಲಿತು, ಮತ್ತೆ ಕಡಲಿಗೆ ಹೋಗುತ್ತವೆ. ಆಂಧ್ರದ ಕಡೆ ರಾಯದೊರುವು ಮತ್ತು ತೂಪಿಲಿಪಾಳೆಂ ಅಳಿವೆಗಳು ಹೂಳು ತುಂಬಿ ಮುಚ್ಚಿಕೊಂಡಿವೆ. ಉಳಿದದ್ದು ಪಳವೇರ್ಕಾಡಿನ ಅಳಿವೆ. ಅದೂ ಮರಳು ಬಂದು ಮುಚ್ಚುತ್ತದೆ, ಹೂಳೆತ್ತಿ ತೆರೆಯಬೇಕಾಗುತ್ತದೆ. ಅಂದರೆ ಬಾಗಿಲು ತಮಿಳುನಾಡಿನಲ್ಲಿ, ಮನೆಯ ಬಹುಪಾಲು ಆಂಧ್ರದಲ್ಲಿ. ಬಾಗಿಲು ಮುಚ್ಚಿದರೆ ಬೇಸಿಗೆಯಲ್ಲಿ ನೀರು ಬತ್ತುತ್ತ ಕಡಲಿಗಿಂತ ಹೆಚ್ಚು ಉಪ್ಪಾಗುತ್ತದೆ. ಉತ್ತರದ ಭಾಗದಲ್ಲಿ ನೆಲವೇ ಬೆಳ್ಳಗಾಗುತ್ತದೆ. ಅಲ್ಲಿಯವರು ದಕ್ಷಿಣಕ್ಕೆ ದೋಣಿ ತಿರುಗಿಸುವುದರಲ್ಲಿ ಏನು ತಪ್ಪಿದೆ?

ಹಂಚಿಕೊಂಡು ತಿನ್ನುವುದು ಇಲ್ಲಿಯ ಜನಕ್ಕೆ ಗೊತ್ತಿಲ್ಲವೆಂದಲ್ಲ. ‘ಪಾಡು’ ಎಂಬ ಕಟ್ಟಳೆ ತಲೆಮಾರುಗಳಿಂದ ನಡೆದುಬಂದಿದೆ. ನಮ್ಮಲ್ಲಿ ಪಾಡು ಎಂದರೆ ಬದುಕಿನ ಸ್ಥಿತಿ. ಇಲ್ಲಿ ಅದು ಮೀನು ಹಿಡಿಯುವ ನೀರಿನ ಸರದಿ. ಅಳಿವೆಯ ಹತ್ತಿರದ ಒಳ್ಳೆಯ ಜಾಗಗಳಿಗೆ ಊರಿನವರು ಸೇರಿ ಚೀಟಿ ಎತ್ತುತ್ತಾರೆ. ಈ ದಿನ ಈ ಜಾಗ ಇವನದು, ನಾಳೆ ಇನ್ನೊಬ್ಬನದು. ಬಲವಿದ್ದವನೇ ಬಾಚಿಕೊಳ್ಳುವಂತಿಲ್ಲ. ದೋಣಿಯ ಅಣ್ಣ ಇದನ್ನು ಹೇಳುವಾಗ ದನಿ ಏರಿತು. ಆದರೆ ಪಾಡು ಕೆಲವು ಊರು, ಕೆಲವು ಜಾತಿಯವರದು. ಬುಟ್ಟಿ ಕಚ್ಚಿಕೊಂಡ ಇರುಳ ಹೆಂಗಸರ ಹೆಸರು ಆ ಚೀಟಿಗಳಲ್ಲಿ ಇಲ್ಲ. ಅದನ್ನು ಕೇಳಿದಾಗ ಅಣ್ಣ ಸುಮ್ಮನಾದರು.

ನನಗೆ ನೋವಾದದ್ದು ಇನ್ನೊಂದಕ್ಕೆ. ಚಿಲಿಕಾಕ್ಕಾಗಿ 1991ರಲ್ಲೇ ಪ್ರತ್ಯೇಕ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. 2000ದಲ್ಲಿ ಕಡಲಿಗೆ ಹೊಸ ಬಾಯಿ ತೆರೆದರು. ಮೀನು ಮರಳಿತು, 2002ರಲ್ಲಿ ರಾಮ್ಸಾರ್ ಒಪ್ಪಂದದ ಅಪಾಯದ ಪಟ್ಟಿಯಿಂದ ಅದರ ಹೆಸರು ಹೊರಬಂತು. ಚಿಲಿಕಾ ಪೂರ್ತಿ ಒಡಿಶಾದೊಳಗಿದೆ, ಕೆಲಸ ಸಲೀಸಾಯಿತು. ಪುಲಿಕಾಟ್‌ನಲ್ಲಿ ಆಂಧ್ರದ ಪಕ್ಷಿಧಾಮ ಬೇರೆ, ತಮಿಳುನಾಡಿನ ಪಕ್ಷಿಧಾಮ ಬೇರೆ. ರಾಜಹಂಸಗಳು ಎರಡರಲ್ಲೂ ಮೇಯುತ್ತವೆ. ಹೂಳೆತ್ತುವುದು, ಬಲೆಯ ಕಣ್ಣಿನ ಅಳತೆ, ಹೊಳೆಗಳಿಂದ ಬರುವ ಕೊಳೆ, ಇವನ್ನೆಲ್ಲ ಎರಡು ರಾಜ್ಯಗಳೂ ಮೀನುಗಾರರೂ ಒಂದೇ ಚಾಪೆಯ ಮೇಲೆ ಕೂತು ತೀರ್ಮಾನಿಸಬೇಕು. ಆ ಚಾಪೆಯ ಮೇಲೆ ಇರುಳರಿಗೂ ಜಾಗ ಇರಬೇಕು.

ಹೊರಡುವಾಗ ಅಣ್ಣ ಒಂದು ಕೆಲಸ ಹೇಳಿದರು. ಸೂಳೂರುಪೇಟೆಯಿಂದ ಶ್ರೀಹರಿಕೋಟಾಗೆ ಸರೋವರವನ್ನು ಸೀಳಿಕೊಂಡು ಹೋಗುವ ರಸ್ತೆ ಇದೆಯಲ್ಲ, ಅಲ್ಲಿ ನೀರು ಎಷ್ಟಿದೆ ನೋಡಿ ಫೋನ್ ಮಾಡಿ ಎಂದರು.

ಸಂಜೆ ಅಲ್ಲಿದ್ದೆ. ದೂರದಲ್ಲಿ ರಾಜಹಂಸಗಳ ಒಂದು ತಿಳಿಗುಲಾಬಿ ಪಟ್ಟಿ. ರಸ್ತೆಯ ದಕ್ಷಿಣಕ್ಕೆ ಮೊಣಕಾಲುದ್ದ ನೀರು. ಉತ್ತರಕ್ಕೆ ಕೆಸರು ಬಿರಿಯುತ್ತಿತ್ತು, ಅದರ ಮೇಲೆ ಉಪ್ಪಿನ ಬಿಳಿ ಪೊರೆ. ಮೋರಿಯೊಂದರ ಬಾಯಲ್ಲಿ ಒಬ್ಬ ಬೀಸುಬಲೆ ಎಸೆಯುತ್ತಿದ್ದ. ಬಲೆಯಲ್ಲಿ ಬಂದದ್ದು ಹಿಡಿಯಷ್ಟು ಮರಿಗಳು.

ಫೋನ್ ಮಾಡಿ ಕಂಡದ್ದನ್ನು ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಹಾಗಾದರೆ ಈ ವರ್ಷವೂ ಬೇಗ ಬರುತ್ತಾರೆ ಸಾರ್. ಬರಲಿ. ಊರಿನವರನ್ನು ಈಗಲೇ ಕೂರಿಸಿ ಮಾತಾಡಿಡುತ್ತೇನೆ’ ಎಂದರು.