ಕಾಲ್ಚೆಂಡಾಟದಲ್ಲಿ ಬಿದ್ದವರೆಲ್ಲ ನೊಂದವರೇ?

ಕಾಲ್ಚೆಂಡಾಟವು ದೇಹಬಲವನ್ನೂ ಚುರುಕುತನವನ್ನೂ ಏಕಕಾಲದಲ್ಲಿ ಬೇಡುವ ಆಟ. ಎರಡು ತಂಡದವರು ಒಂದೇ ಚೆಂಡಿನ ಬೆನ್ನುಹತ್ತಿ ಓಡುವಾಗ ಒಬ್ಬರಿಗೊಬ್ಬರು ತಾಗುವುದೂ, ತಾಗಿದವರು ಬೀಳುವುದೂ, ಬಿದ್ದವರಿಗೆ ಪೆಟ್ಟಾಗುವುದೂ ಸಹಜವೇ ಸರಿ. ಆದರೆ ಯಾರೂ ತಾಗದೆಯೇ ಬೀಳುವವರು, ಪೆಟ್ಟಾಗದೆಯೇ ಹೊರಳಾಡಿ ನರಳುವವರು ಸಹ ಈ ಆಟದಲ್ಲಿ ಉಂಟು. ಇವರನ್ನು ರೆಫರಿಯು ಹೇಗೆ ಗುರುತಿಸುತ್ತಾನೆ, ನಿಯಮವು ಇವರಿಗೆ ಯಾವ ದಂಡನೆಯನ್ನು ವಿಧಿಸುತ್ತದೆ, ಈ ಕಪಟದಿಂದ ನಿಜವಾಗಿ ನಷ್ಟಹೊಂದುವವರು ಯಾರು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಇದರ ಕಾರಣವನ್ನು ತಿಳಿಯೋಣ. ಗೋಲಿನ ಮುಂದೆ ಪೆನಾಲ್ಟಿ ಪ್ರದೇಶವೆಂದು ಗೆರೆ ಎಳೆದ ಒಂದು ಆವರಣವಿರುತ್ತದೆ. ಅದರೊಳಗೆ ಎದುರಾಳಿಯನ್ನು ಅಕ್ರಮವಾಗಿ ಬೀಳಿಸಿದರೆ, ಬಿದ್ದವನ ತಂಡಕ್ಕೆ ಪೆನಾಲ್ಟಿ ಒದೆತ ದೊರೆಯುತ್ತದೆ. ಕೇವಲ 11 ಮೀಟರು ದೂರದಿಂದ, ಗೋಲಿಯೊಬ್ಬನೇ ಅಡ್ಡವಿರುವಾಗ ಒದೆಯುವ ಈ ಚೆಂಡು ಬಹುಪಾಲು ಗೋಲಾಗಿಯೇ ಪರಿಣಮಿಸುತ್ತದೆ. ಕಷ್ಟಪಟ್ಟು ಗಳಿಸಬೇಕಾದ ಗೋಲು ಒಂದು ಬೀಳುವಿಕೆಯಿಂದ ದೊರೆಯುವುದಾದರೆ ದುರ್ಬಲ ಮನಸ್ಸಿನವನಿಗೆ ಆಸೆ ಹುಟ್ಟದಿರುತ್ತದೆಯೇ? ಎದುರಾಳಿಯನ್ನು ಮೈದಾನದಿಂದ ಹೊರಹಾಕಿಸುವುದು ಎರಡನೆಯ ಆಸೆ. ತಮ್ಮ ತಂಡ ಮುಂದಿರುವಾಗ ಕಾಲಹರಣ ಮಾಡುವುದು ಮೂರನೆಯದು.

ಇಂತಹ ಕಪಟಕ್ಕೆ ಲೋಕಪ್ರಸಿದ್ಧವಾದ ಒಂದು ನಿದರ್ಶನವುಂಟು. 2002ನೆಯ ವಿಶ್ವಕಪ್ ಪಂದ್ಯಾವಳಿಯಲ್ಲಿ ಜೂನ್ 3ರಂದು ದಕ್ಷಿಣ ಕೊರಿಯಾದ ಉಲ್ಸಾನ್ ನಗರದಲ್ಲಿ ಬ್ರೆಜಿಲ್ ಮತ್ತು ತುರ್ಕಿ ತಂಡಗಳು ಸೆಣಸಿದವು. ಪಂದ್ಯದ ಕೊನೆಯ ನಿಮಿಷಗಳಲ್ಲಿ ತುರ್ಕಿಯ ಹಕನ್ ಉನ್ಸಾಲ್ ಒದ್ದ ಚೆಂಡು ಬ್ರೆಜಿಲಿನ ರಿವಾಲ್ಡೊನ ಕಾಲಿಗೆ ತಗುಲಿತು. ಆತನಾದರೋ ಎರಡೂ ಕೈಗಳಿಂದ ಮುಖವನ್ನು ಮುಚ್ಚಿಕೊಂಡು ನೆಲಕ್ಕುರುಳಿದನು! ರೆಫರಿಯು ಅದನ್ನು ನಂಬಿ ಉನ್ಸಾಲನನ್ನು ಹೊರಗೆ ಕಳುಹಿಸಿದನು. ಅನಂತರ ಚಿತ್ರಗಳನ್ನು ಪರಿಶೀಲಿಸಿದ ವಿಶ್ವ ಸಂಸ್ಥೆಯಾದ ಫಿಫಾ, ರಿವಾಲ್ಡೊನಿಗೆ 11,500 ಸ್ವಿಸ್ ಫ್ರಾಂಕುಗಳ ದಂಡ ವಿಧಿಸಿತು. ಆದರೆ ಮುಗಿದ ಪಂದ್ಯ ಮರಳಿ ಬರಲಿಲ್ಲ.

ಇದಕ್ಕಿಂತಲೂ ಘೋರವಾದ ಕಥೆ ಚಿಲಿ ದೇಶದ ಗೋಲಿ ರೊಬರ್ಟೊ ರೋಹಾಸನದು. 1989ರ ಸೆಪ್ಟೆಂಬರ್ 3ರಂದು ಬ್ರೆಜಿಲಿನ ಮರಕಾನ ಕ್ರೀಡಾಂಗಣದಲ್ಲಿ ತನ್ನ ತಂಡ ಹಿಂದೆ ಬಿದ್ದಿದ್ದಾಗ, ಪ್ರೇಕ್ಷಕರ ಕಡೆಯಿಂದ ಒಂದು ಉರಿಬಾಣವು ಮೈದಾನಕ್ಕೆ ಬಂದು ಬಿತ್ತು. ರೋಹಾಸನು ರಕ್ತಸಿಕ್ತನಾಗಿ ಬಿದ್ದಿದ್ದನ್ನು ಕಂಡ ಚಿಲಿಯ ಆಟಗಾರರು ಪಂದ್ಯವನ್ನೇ ತೊರೆದು ಹೊರನಡೆದರು. ಉರಿಬಾಣ ಆತನಿಗೆ ತಾಗಿರಲಿಲ್ಲವೆಂದೂ, ಕೈಗವಸಿನಲ್ಲಿ ಅಡಗಿಸಿಟ್ಟ ಅಲಗಿನಿಂದ ಆತನು ತಾನೇ ಕೊಯ್ದುಕೊಂಡನೆಂದೂ ಮುಂದೆ ಬಯಲಾಯಿತು. ಪಂದ್ಯವು 2-0ರಿಂದ ಬ್ರೆಜಿಲಿನ ಪಾಲಾಯಿತು. ಚಿಲಿಯು 1994ನೆಯ ವಿಶ್ವಕಪ್ಪಿನಿಂದಲೂ ಬಹಿಷ್ಕೃತವಾಯಿತು. ಆಜೀವ ನಿಷೇಧಕ್ಕೆ ಗುರಿಯಾದ ರೋಹಾಸನಿಗೆ ಕ್ಷಮೆ ದೊರೆತದ್ದು 2001ರಲ್ಲಿ. ಒಬ್ಬನ ಕಪಟಕ್ಕೆ ಒಂದು ನಾಡಿನ ಆಟಗಾರರೆಲ್ಲರೂ ಬೆಲೆತೆತ್ತರು.

ಇನ್ನು ನಿಯಮದ ವಿಷಯ. ಕಾಲ್ಚೆಂಡಾಟದ ಹನ್ನೆರಡನೆಯ ನಿಯಮವು ಅಕ್ರಮಗಳನ್ನೂ ಅನುಚಿತ ವರ್ತನೆಯನ್ನೂ ಕುರಿತದ್ದು. ರೆಫರಿಯನ್ನು ವಂಚಿಸುವುದಕ್ಕಾಗಿ ಮಾಡುವ ನಟನೆಗೆ ದಂಡನೆಯಾಗಲೇಬೇಕೆಂದು 1999ರಲ್ಲಿ ನಿಯಮಾವಳಿಯು ಸ್ಪಷ್ಟಪಡಿಸಿತು. ಸುಳ್ಳು ಗಾಯವನ್ನು ನಟಿಸಿದವನಿಗೂ, ತನ್ನನ್ನು ಬೀಳಿಸಿದರೆಂದು ನಟಿಸಿದವನಿಗೂ ಹಳದಿ ಕಾರ್ಡಿನ ಎಚ್ಚರಿಕೆ ಕೊಡಲಾಗುತ್ತದೆ. ಅದಕ್ಕಾಗಿ ಆಟವನ್ನು ನಿಲ್ಲಿಸಿದ್ದರೆ ಎದುರಾಳಿ ತಂಡಕ್ಕೆ ಪರೋಕ್ಷ ಫ್ರೀ ಕಿಕ್ ದೊರೆಯುತ್ತದೆ. ಅದೇ ಪಂದ್ಯದಲ್ಲಿ ಎರಡನೆಯ ಹಳದಿ ಕಾರ್ಡು ಬಂದಲ್ಲಿ ಅದು ಕೆಂಪಾಗುತ್ತದೆ. ಆಟಗಾರನು ಹೊರಗೆ ಹೋಗಬೇಕು. ಈ ಬಣ್ಣದ ಕಾರ್ಡುಗಳು ವಿಶ್ವಕಪ್ಪಿನಲ್ಲಿ ಮೊದಲು ಬಳಕೆಗೆ ಬಂದದ್ದು 1970ರಲ್ಲಿ. ಬೀದಿಯ ಸಂಚಾರ ದೀಪಗಳನ್ನು ಕಂಡು ಕೆನ್ ಆಸ್ಟನ್ ಎಂಬ ಇಂಗ್ಲೆಂಡಿನ ರೆಫರಿಗೆ ಹೊಳೆದ ಉಪಾಯವಿದು.

ರೆಫರಿಯು ನಟನೆಯನ್ನು ಹೇಗೆ ಕಂಡುಹಿಡಿಯುತ್ತಾನೆ? ಆತನು ಬೀಳುವವನ ಮುಖವನ್ನಲ್ಲ, ಕಾಲುಗಳನ್ನು ನೋಡುತ್ತಾನೆ. ತಾಗಿದ ಕ್ಷಣಕ್ಕೂ ಬಿದ್ದ ಕ್ಷಣಕ್ಕೂ ನಡುವೆ ಅಂತರವಿದೆಯೇ? ತಾಗಿದ ದಿಕ್ಕಿಗೂ ಬಿದ್ದ ದಿಕ್ಕಿಗೂ ಹೊಂದಿಕೆಯಿದೆಯೇ? ಬೀಳುವವನು ತಾನಾಗಿಯೇ ಕಾಲನ್ನು ಎಳೆದು ಎದುರಾಳಿಯ ಕಾಲಿಗೆ ಸಿಕ್ಕಿಸಿದನೇ? ನಿಜವಾಗಿ ಎಡವಿದವನ ಕೈಗಳು ನೆಲವನ್ನು ಊರಲು ಮುಂದಾಗುತ್ತವೆ. ನಟಿಸುವವನ ಕೈಗಳು ಅನೇಕ ವೇಳೆ ಆಕಾಶದತ್ತ ಏಳುತ್ತವೆ. ತಾಗಿದ ಮಾತ್ರಕ್ಕೆ ಅದು ಫೌಲ್ ಆಗುವುದಿಲ್ಲವೆಂಬುದನ್ನೂ, ತಾಗದ ಮಾತ್ರಕ್ಕೆ ಬಿದ್ದವನು ವಂಚಕನಾಗುವುದಿಲ್ಲವೆಂಬುದನ್ನೂ ನೆನಪಿಡಬೇಕು. ಒದೆತವನ್ನು ತಪ್ಪಿಸಿಕೊಳ್ಳಲು ಹಾರಿ ಬಿದ್ದವನಲ್ಲಿ ವಂಚನೆಯಿಲ್ಲ. ಆದುದರಿಂದ ರೆಫರಿಯು ಪ್ರತಿಯೊಂದು ಸಂದರ್ಭವನ್ನೂ ವಿವೇಚಿಸಿಯೇ ತೀರ್ಮಾನಿಸಬೇಕಾಗುತ್ತದೆ.

ಗಾಯದ ವಿಷಯದಲ್ಲಿ ಆತನ ಹೊಣೆ ಮತ್ತಷ್ಟು ಸೂಕ್ಷ್ಮವಾದುದು. ಗಾಯ ತೀವ್ರವೆಂದು ತೋರಿದರೆ ಆಟವನ್ನು ತಕ್ಷಣವೇ ನಿಲ್ಲಿಸಬೇಕು. ತಲೆಗೆ ಪೆಟ್ಟಾಗಿದ್ದರಂತೂ ವಿಳಂಬವೇ ಸಲ್ಲದು. ಅಲ್ಪ ಪೆಟ್ಟಾದರೆ ಆಟವನ್ನು ಮುಂದುವರಿಸಬಹುದು. ಮೈದಾನದಲ್ಲಿ ಚಿಕಿತ್ಸೆ ಪಡೆದವನು ಸಾಮಾನ್ಯವಾಗಿ ಹೊರಗೆ ಹೋಗಿ, ಆಟ ಮತ್ತೆ ಆರಂಭವಾದ ಮೇಲೆ ರೆಫರಿಯ ಅಪ್ಪಣೆಯಿಂದ ಒಳಗೆ ಬರಬೇಕು. ಗೋಲಿಗೆ ಇದರಿಂದ ವಿನಾಯಿತಿಯುಂಟು. ಎದುರಾಳಿಗೆ ಕಾರ್ಡು ತಂದ ಫೌಲಿನಿಂದ ಗಾಯಗೊಂಡು, ಬೇಗನೆ ಚಿಕಿತ್ಸೆ ಮುಗಿಸಿದವನಿಗೂ ವಿನಾಯಿತಿಯುಂಟು. ಕಳೆದುಹೋದ ಸಮಯವನ್ನು ಪಂದ್ಯದ ಕೊನೆಯಲ್ಲಿ ಸೇರಿಸಲಾಗುತ್ತದೆ.

ಇತ್ತೀಚೆಗೆ ಯಂತ್ರವೂ ರೆಫರಿಯ ನೆರವಿಗೆ ಬಂದಿದೆ. 2018ನೆಯ ವಿಶ್ವಕಪ್ಪಿನಲ್ಲಿ ಕೋಸ್ಟಾರಿಕದ ವಿರುದ್ಧ ಬ್ರೆಜಿಲಿನ ನೇಮಾರ್ ಬಿದ್ದಾಗ ರೆಫರಿಯು ಮೊದಲು ಪೆನಾಲ್ಟಿ ಕೊಟ್ಟು, ಬಳಿಕ ಪರದೆಯ ಮೇಲೆ ಚಿತ್ರವನ್ನು ಮತ್ತೆ ನೋಡಿ ಅದನ್ನು ಹಿಂತೆಗೆದುಕೊಂಡನು. ಆದರೆ ಈ ಸೌಕರ್ಯ ಎಲ್ಲ ಕಡೆಯೂ ದೊರೆಯುವುದಿಲ್ಲ. ನಮ್ಮ ದೇಶದ ಐ.ಎಸ್.ಎಲ್. ಪಂದ್ಯಾವಳಿಯಲ್ಲಿಯೇ 2024-25ರ ಸಾಲಿನವರೆಗೆ ಇದಿರಲಿಲ್ಲ. ಹಾಗಿರುವಲ್ಲಿ ನಮ್ಮ ಶಾಲೆಗಳ ಮೈದಾನಗಳ ಮಾತೇನು?

ಕೊಯಮತ್ತೂರಿನ ನೆಹರೂ ಕ್ರೀಡಾಂಗಣವು ದೊಡ್ಡ ಪಂದ್ಯಗಳನ್ನು ಕಂಡಿದೆ. 2019ರ ಮಾರ್ಚ್ 9ರಂದು ಚೆನ್ನೈ ಸಿಟಿ ತಂಡವು ಮಿನರ್ವ ಪಂಜಾಬ್ ತಂಡವನ್ನು 3-1ರಿಂದ ಸೋಲಿಸಿ ಐ-ಲೀಗ್ ಪ್ರಶಸ್ತಿಯನ್ನು ಗೆದ್ದದ್ದು ಅಲ್ಲಿಯೇ. ಆದರೆ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಮಕ್ಕಳು ಆಡುವುದು ಕ್ಯಾಮರಾಗಳ ಮುಂದೆ ಅಲ್ಲ. ಅಲ್ಲಿ ಪೀಪಿ ಹಿಡಿದ ಮೇಷ್ಟ್ರೊಬ್ಬರಿರುತ್ತಾರೆ. ಚೆಂಡಿನ ಹಿಂದೆ ಓಡಬೇಕಾದ ಅವರಿಗೆ ಇರುವುದು ಎರಡೇ ಕಣ್ಣುಗಳು. ಬಿದ್ದವನಿಗೆ ನಿಜವಾಗಿ ನೋವಾಗಿದೆಯೇ ಎಂಬುದನ್ನು ತಿಳಿಯಲು ಅವರಿಗೆ ಹುಡುಗನ ಮಾತೇ ಸಾಕ್ಷಿ.

‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನ ಕಥೆಯನ್ನು ಅರಿಯದವರಾರು? ಇಲ್ಲಿ ಅದಕ್ಕಿಂತಲೂ ಹೆಚ್ಚಿನ ಅನ್ಯಾಯವುಂಟು. ಕಥೆಯಲ್ಲಿ ಸುಳ್ಳಾಡಿದವನೇ ಕಷ್ಟಕ್ಕೆ ಸಿಕ್ಕಿದನು. ಮೈದಾನದಲ್ಲಿಯಾದರೋ ಒಬ್ಬನು ನಾಲ್ಕು ಸಲ ಸುಳ್ಳಾಗಿ ನರಳಿದರೆ, ಐದನೆಯ ಸಲ ನಿಜವಾಗಿ ಮೂಳೆ ಮುರಿದುಕೊಂಡು ಬಿದ್ದ ಮತ್ತೊಬ್ಬನನ್ನು ‘ಇವನದೂ ನಾಟಕ’ ಎಂದು ಜನರು ನಗುವರು. ಕಪಟಿಯು ಕದಿಯುವುದು ಗೋಲನ್ನು ಮಾತ್ರವಲ್ಲ. ನೊಂದವನಿಗೆ ಸಲ್ಲಬೇಕಾದ ನಂಬಿಕೆಯನ್ನು.

ಸತ್ಯವನ್ನು ಹಿಡಿದರೆ ಸೋಲಬೇಕಾದೀತೆಂದು ಕೆಲವರು ಹೇಳಬಹುದು. ಹೌದು, ಕೆಲವೊಮ್ಮೆ ಸೋಲಬೇಕಾಗುತ್ತದೆ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ನಡೆದ ಸುವರ್ಣ ಮಹೋತ್ಸವದ ಕ್ರಿಕೆಟ್ ಪಂದ್ಯದಲ್ಲಿ ಭಾರತದ ನಾಯಕರು ಕನ್ನಡಿಗರಾದ ಗುಂಡಪ್ಪ ವಿಶ್ವನಾಥರು. ಅಂಪೈರು ಔಟೆಂದು ಸಾರಿದ್ದ ಬಾಬ್ ಟೇಲರರ ಬ್ಯಾಟಿಗೆ ಚೆಂಡು ತಾಗಿರಲಿಲ್ಲವೆಂದು ಅರಿತು, ಅವರನ್ನು ವಿಶ್ವನಾಥರು ಮರಳಿ ಆಡಲು ಕರೆದರು. ಟೇಲರರು ಬೋಥಮರೊಡನೆ ನಿಂತು ಇಂಗ್ಲೆಂಡನ್ನು ಪಾರುಮಾಡಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಆದರೂ ಆ ಪಂದ್ಯದ ಮಾತು ಬಂದಾಗ ವಿಶ್ವನಾಥರ ಹೆಸರನ್ನು ಜನರು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಪೋಷಕರಲ್ಲಿಯೂ ಒಂದು ವಿಜ್ಞಾಪನೆ. ಮಗನು ಪಂದ್ಯದಿಂದ ಮನೆಗೆ ಬಂದಾಗ ‘ಗೆದ್ದೆಯಾ?’ ಎಂದು ಕೇಳುವುದರ ಜೊತೆಗೆ ‘ಚೆನ್ನಾಗಿ ಆಡಿದೆಯಾ?’ ಎಂದೂ ಕೇಳಿರಿ. ವಿದ್ಯಾರ್ಥಿಗಳೇ, ಪೆಟ್ಟಾದರೆ ಮರೆಮಾಚದೆ ಹೇಳಿರಿ, ಪೆಟ್ಟಾಗದಿದ್ದರೆ ಎದ್ದು ಓಡಿರಿ. ಹೀಗೆ ನಡೆದ ಹುಡುಗನು ಕೈಯೆತ್ತಿ ನೆರವು ಬೇಡಿದ ದಿನ ಮೇಷ್ಟ್ರು ಮರುಮಾತಿಲ್ಲದೆ ಪೀಪಿ ಊದುವರು.